ಪರದೆಯತ್ತ ಕಾಲು ಚಾಚಿ

ಬೊಮ್ಮಸಂದ್ರ, ಮಂಗಳವಾರ

ಮಾವನಿಗೆ ನಮಸ್ಕಾರ.

ಪ್ರೊಜೆಕ್ಟರಿಗೆ ಲೆನ್ಸ್ ಸಿಕ್ಕರೆ ನಮ್ಮ ಟಾಕೀಸು ಮತ್ತೆ ತೆರೆಯಬಹುದೆಂದು ನೀವು ಬರೆದುಕೊಟ್ಟ ಇಲ್ಲಿನ ಹಳೇ ಥಿಯೇಟರಿನ ವಿಳಾಸ ಸರಿಯಾಗಿಯೇ ಇತ್ತು. ಆ ಥಿಯೇಟರ್ ಮಾತ್ರ ಈಗ ಫ್ಯಾಕ್ಟರಿ ಕೆಲಸಗಾರರು ಮಲಗುವ ಹಾಸ್ಟೆಲ್. ಅದನ್ನು ನೋಡಿಕೊಳ್ಳುವ ಕಾಡಪ್ಪ, “ಲೆನ್ಸು ಗುಜರಿಗೆ ಹೋಗಿ ಎಂಟು ವರ್ಸ ಆಯ್ತು ಕಣಣ್ಣ. ಮಂಚ ಒಂದು ಖಾಲಿ ಐತೆ, ಬೇಕಾ?” ಎಂದ.

ಕುರ್ಚಿ ಕಿತ್ತು ಮಂಚ ಹಾಕಿದ್ದಾರೆ, ನೆಲದ ಇಳಿಜಾರು ಹಾಗೇ ಇದೆ. ತಲೆ ತಗ್ಗಿಗೆ ಬರಬಾರದೆಂದು ಎಲ್ಲರೂ ಪರದೆಯತ್ತಲೇ ಕಾಲು ಚಾಚಿ ಮಲಗುತ್ತಾರೆ. ಪರದೆಯಿದೆ, ಚಿತ್ರವಿಲ್ಲ, ಜನರಿದ್ದಾರೆ, ಎಚ್ಚರವಿಲ್ಲ. ಬಾಲ್ಕನಿಗೆ ಈಗಲೂ ರೇಟು ಜಾಸ್ತಿ. ನನ್ನದು ಗಾಂಧಿ ಕ್ಲಾಸು.

ಹೌದು, ಮಂಚ ಹಿಡಿದೆ. ಆನೇಕಲ್ಲು, ಹೂಡಿ ಎಲ್ಲ ಸುತ್ತಿದೆ. ಲೆನ್ಸ್ ಎಲ್ಲೂ ಇಲ್ಲ. ಬರಿಗೈಲಿ ನಿಮ್ಮೆದುರು ನಿಲ್ಲಲಾರದೆ ಮಾತ್ರೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಗೆ ಸೇರಿದ್ದೇನೆ. ಬೆನ್ನೊಂದು ಬಿಟ್ಟರೆ ಆರೋಗ್ಯ ಪರವಾಗಿಲ್ಲ.

ನಿನ್ನೆ ಮಧ್ಯಾಹ್ನ ಯಾರೋ ಹಿಂದಿನ ಬಾಗಿಲು ತೆರೆದರು. ಪರದೆಯ ಮೇಲೆ ಬೆಳಕು ಬಿತ್ತು. ಮಲಗಿದ್ದವರೆಲ್ಲ ಒಟ್ಟಿಗೆ ತಲೆ ಎತ್ತಿದೆವು. ಪಕ್ಕದ ಮಂಚದ ಮುತ್ತು, “ಮಲಗ್ರೋ, ನೀರಿನ ಕ್ಯಾನು ಬಂತು ಅಷ್ಟೆ” ಎಂದ. ಎಲ್ಲರೂ ಮಲಗಿದರು.

ಮಾವ, ಇನ್ನು ಶುಕ್ರವಾರ ಶುಕ್ರವಾರ ಪ್ರೊಜೆಕ್ಟರಿಗೆ ಎಣ್ಣೆ ಬಿಡಬೇಡಿ. ಗುಜರಿಯವರು ಕೇಳಿದರೆ ಕೊಟ್ಟುಬಿಡಿ. ಕೊಟ್ಟ ದಿನ ನನಗೆ ತಿಳಿಸಬೇಡಿ. ಕಾರ್ಡು ತುಂಬಿತು.

ನಿಮ್ಮ ಅಳಿಯ,
ಯಮನೂರ