ಗರಡಿಮನೆಗಳಲ್ಲಿ ಸಿಕ್ಕ ಒಂಬತ್ತು ಮಕ್ಕಳು

ಅಪರೂಪದ ಕಾಯಿಲೆಗಳ ಸಂಶೋಧನೆಗೆ ಅನುದಾನ ಮಂಜೂರು ಮಾಡುವ ಸಾಹೇಬರೇ,

ನಮ್ಮ ಭಾಗದ ಹುಡುಗರ ಸ್ನಾಯು ಸವೆಯುವ ಕಾಯಿಲೆಯ ಬಗ್ಗೆ ಸಂಶೋಧನೆ ನಡೆಸಲು ಡಾಕ್ಟರರೊಬ್ಬರು ಕಳಿಸಿದ ಅರ್ಜಿಯನ್ನು ನೀವು ತಿರಸ್ಕರಿಸಿದಿರಿ. ಕಾರಣ, 'ರೋಗಿಗಳ ಸಂಖ್ಯೆ ಸಾಲದು'. ತಮ್ಮ ಮನಸ್ಸು ತುಂಬುವಷ್ಟು ರೋಗಿಗಳನ್ನು ನಾವು ಹಡೆಯಲಿಲ್ಲ, ಕ್ಷಮಿಸಬೇಕು.

ನನ್ನ ಮಗಳು ಉಮಾಶ್ರೀಯ ಮಗ ಸಿದ್ದಾರ್ಥನಿಗೆ ಈಗ ಹನ್ನೊಂದು. ಐದು ವರ್ಷದವನಿದ್ದಾಗ ಅವನ ಕಾಲಿನ ಮೀನಖಂಡಗಳು ದಪ್ಪಗೆ ಕಲ್ಲಿನಂತಾದವು. ನಾವು ಹಿಗ್ಗಿದೆವು. ಹಣೆಗೆ ಬೀರೇಶ್ವರನ ಭಂಡಾರದ ಅರಿಶಿನ ಹಚ್ಚಿ ಊರಿನ ಗರಡಿಮನೆಗೆ ಕರೆದೊಯ್ದೆ. ಉಸ್ತಾದ ರೇವಪ್ಪ ಕಾಲು ಒತ್ತಿ ನೋಡಿ, "ತಂಗೆವ್ವಕ್ಕಾ, ಇಂವಾ ಕುರಿ ಕಾಯಾಂವ ಅಲ್ರೀ, ಕುಸ್ತಿ ಕಣಾ ಆಳಾಂವ" ಎಂದ. ಅದು ಬಲವಲ್ಲ, ರೋಗ ಎಂದು ತಿಳಿಯಲು ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಹುಡುಗ ತನ್ನ ತೊಡೆಗೇ ಕೈಯೂರಿ ಏಳುತ್ತಿದ್ದ. ಏಳದಿದ್ದಾಗ ಮೈಗಳ್ಳನೆಂದು ಬೆನ್ನಿಗೆ ಬಾರಿಸಿದವಳು ನಾನೇ. ಆ ನನ್ನ ಕೈಯನ್ನೇ ನಾನು ಕ್ಷಮಿಸಿಲ್ಲ. ನಿಮ್ಮ ಕೈಯನ್ನು ಕ್ಷಮಿಸುತ್ತೇನೆಯೇ?

ಅರ್ಜಿ ತಿರುಗಿ ಬಂದ ಮೇಲೆ ನಿಮ್ಮೆದುರು ಬಂದು ನಿಂತೆ.

"ಎಲ್ಲಿ ಅದಾರಬೇ ನಿನ್ನ ರೋಗಿಗೋಳು? ಹುಡುಕಿ ತಾ. ಇಲ್ಲಂದ್ರ ದೇವರಿಗಿ ಬಿಡು" ಎಂದಿರಿ.

"ನಾವು ದೇವರಿಗಿ ಬಿಡೂದು ಟಗರ ರೀ ಸಾಹೇಬ್ರ, ಹುಡುಗರನ್ನಲ್ಲ" ಎಂದೆ. ನಿಮ್ಮ ಗುಮಾಸ್ತ ಬಾಯಿ ಮುಚ್ಚಿಕೊಂಡು ನಕ್ಕ.

ಹುಡುಕಿದೆ. ನಾವು ಮಾಡಿದ ತಪ್ಪನ್ನು ಬೇರೆಯವರೂ ಮಾಡಿರಬೇಕಲ್ಲ? ರೇವಪ್ಪನನ್ನು ಜೊತೆಗೆ ಕರೆದುಕೊಂಡು ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಕಡೆಯ ಗರಡಿಮನೆಗಳನ್ನು ಬಸ್ಸಿನಲ್ಲಿ ತಿರುಗಿದೆ. ಕಾಲು ದಪ್ಪ ಎಂದು ಮನೆಯವರು ತಂದು ಬಿಟ್ಟ, ಆಮೇಲೆ ಮೇಲಿಂದ ಮೇಲೆ ಬಿದ್ದು ಬರುವುದನ್ನೇ ನಿಲ್ಲಿಸಿದ ಹುಡುಗರು ಯಾರೆಂದು ಉಸ್ತಾದರನ್ನು ಕೇಳಿದೆ. ಸಿದ್ದಾರ್ಥನೂ ಸೇರಿ ಒಂಬತ್ತು ಮಂದಿ ಆದರು. ಅರ್ಜಿ ಕಳಿಸಿದ ಡಾಕ್ಟರರೇ ರಕ್ತ ಪರೀಕ್ಷೆ ಮಾಡಿಸಿ, ಹೌದು ಅದೇ ಕಾಯಿಲೆ ಎಂದು ಬರೆದುಕೊಟ್ಟರು. ಜೀಪು, ಭತ್ಯೆ ಎಲ್ಲ ಇರುವ ನಿಮ್ಮ ಇಲಾಖೆಗೆ ಇವರಲ್ಲಿ ಒಬ್ಬನೂ ಕಂಡಿರಲಿಲ್ಲ.

ಆ ಒಂಬತ್ತು ಹೆಸರುಗಳ ಪಟ್ಟಿಯನ್ನು ನಿಮ್ಮ ಕೈಗೆ ಕೊಟ್ಟೆ. ಅದು ಹದಿನಾಲ್ಕು ತಿಂಗಳಿಂದ 'ಪರಿಶೀಲನೆಯಲ್ಲಿದೆ'. ಕಳೆದ ತಿಂಗಳು ಆ ಪಟ್ಟಿಯಲ್ಲಿದ್ದ ಬಾಡಗಂಡಿಯ ಈಶ್ವರ ಉಸಿರು ಕಟ್ಟಿ ತೀರಿಕೊಂಡ. ಹದಿನೇಳು ವರ್ಷ. ಸಂತೋಷಪಡಿ ಸಾಹೇಬರೇ, ಕಾಯಿಲೆ ಇನ್ನಷ್ಟು ಅಪರೂಪವಾಯಿತು. ಪೂರ್ತಿ ಗುಣಪಡಿಸುವ ಔಷಧಿಯೇ ಇಲ್ಲ ಎನ್ನುತ್ತೀರಿ. ಹುಡುಕದೇ ಸಿಕ್ಕ ಔಷಧಿ ಯಾವುದಿದೆ ಹೇಳಿ?

ಈ ತಿಂಗಳೊಳಗೆ ಆ ಸಂಶೋಧನೆಗೆ ಅನುದಾನ ಮಂಜೂರಾಗಬೇಕು. ಹೊಸ ಚಿಕಿತ್ಸೆ ಎಲ್ಲಿ ಪರೀಕ್ಷೆಗೆ ಬಂದರೂ ಉಳಿದ ಎಂಟು ಹುಡುಗರ ಹೆಸರು ಅಲ್ಲಿಗೆ ಹೋಗಬೇಕು. ಆಗದಿದ್ದರೆ ಮುಂದಿನ ತಿಂಗಳ ಮೊದಲ ಸೋಮವಾರ ಎಂಟೂ ಜನರನ್ನು ಹೊತ್ತು ತರುತ್ತೇವೆ. ನೀವಿರುವುದು ಎರಡನೇ ಮಹಡಿಯಲ್ಲಿ, ಲಿಫ್ಟು ಕೆಟ್ಟಿದೆ. ಮೆಟ್ಟಿಲಿಗೊಬ್ಬನಂತೆ ಮಲಗಿಸುತ್ತೇವೆ, ಪಕ್ಕದಲ್ಲಿ ಅವರವರ ತಾಯಂದಿರು ಕೂರುತ್ತಾರೆ. ಒಂಬತ್ತನೇ ಮೆಟ್ಟಿಲಲ್ಲಿ ಈಶ್ವರನ ತಾಯಿ ಬೋರವ್ವ ಬರಿಗೈಯಲ್ಲಿ ಕೂರುತ್ತಾಳೆ. ಸಂಜೆ ನೀವು ಮನೆಗೆ ಹೋಗಲೇಬೇಕಲ್ಲ? ದಾಟಿಕೊಂಡೇ ಹೋಗಿ, ಯಾರೂ ತಡೆಯುವುದಿಲ್ಲ. ಆದರೆ ಒಬ್ಬೊಬ್ಬನನ್ನು ದಾಟುವಾಗಲೂ ಅವನ ತಾಯಿಯ ಮುಖ ನೋಡಿ, ಅವನ ಹೆಸರು ಹೇಳಿ ದಾಟಬೇಕು.

ಇಂತಿ,
ಈವರೆಗೆ ಕೈಮುಗಿದೇ ಮಾತಾಡಿದ
ತಂಗೆವ್ವ, ಹುನ್ನೂರ