ಇವರ ಎದೆಯ ಏಳು ಚುಕ್ಕೆ

ಬಾಳೂರು
18-11-2008

ಪ್ರೀತಿಯ ರಜನಿ,

ಕ್ಷೇಮವೆಂದು ಬರೆಯಲು ಕೈ ಬಾರದೆ ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಬಸವಪ್ರಸಾದನ ಮದುವೆಗೂ ಬರಲಾಗಲಿಲ್ಲ. ಇವರು ಹೋಗಿ ಆಗ ಹನ್ನೆರಡೇ ದಿನವಾಗಿತ್ತು. ಫೋಟೋ ನೋಡಿದೆ, ನಿನ್ನ ಸೊಸೆ ಲಕ್ಷಣವಾಗಿದ್ದಾಳೆ.

ಇವತ್ತು ಸಿಟ್ಟಿಗೇ ಬರೆಯುತ್ತಿದ್ದೇನೆ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು, ನಿನಗಲ್ಲದೆ ಯಾರಿಗೆ ಹೇಳಲಿ? ಹೋದ ವಾರ ಬೆಂಗಳೂರಿನ ಆ ಆಸ್ಪತ್ರೆಯಿಂದ ಇವರ ಹೆಸರಿಗೆ ಕಾಗದ ಬಂತು. ಒಂದು ವರ್ಷದ ಎಂಆರ್‌ಐ ಸ್ಕ್ಯಾನಿಗೆ ತಪ್ಪದೆ ಬರಬೇಕಂತೆ. ಸತ್ತು ಮೂರು ತಿಂಗಳಾದ ಮನುಷ್ಯನಿಗೆ! ಓದಿ ಮೈಯೆಲ್ಲ ಉರಿದುಹೋಯಿತು.

ನಿನಗೆ ಪೂರ್ತಿ ಹೇಳಿರಲಿಲ್ಲ. ಹೋದ ವರ್ಷ ಇವರಿಗೆ ಹಾರ್ಟ್ ಅಟ್ಯಾಕ್ ಆದ ಮೇಲೆ ಅಲ್ಲಿ ಒಂದು ಪ್ರಯೋಗಕ್ಕೆ ಸೇರಿಸಿಕೊಂಡರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಲ್ಲಿರುವ ಸ್ಟೆಮ್ ಸೆಲ್ ಎಂಬ ಎಳೆಯ ಜೀವಕೋಶಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣ ಸೇರಿಸಿ, ಹೃದಯದಲ್ಲಿ ಏಳು ಕಡೆ ಚುಚ್ಚಿದರು. ಕಬ್ಬಿಣವಿದ್ದ ಕಡೆ ಸ್ಕ್ಯಾನಿನಲ್ಲಿ ಕಪ್ಪಗೆ ಕಾಣುತ್ತದೆ, ಕೋಶಗಳು ಎಲ್ಲಿವೆಯೆಂದು ಹಿಂಬಾಲಿಸಬಹುದು ಎಂದಿದ್ದರು. ಮೇ ತಿಂಗಳಲ್ಲಿ ನೋಡಿದಾಗ ಏಳೂ ಚುಕ್ಕೆ ಕಂಡವು. ಡಾಕ್ಟರು ಪರದೆ ತೋರಿಸಿ, "ಚೆನ್ನಾಗಿ ಕೂತಿವೆ ನಾಗೇಶ್ ಅವ್ರೇ, ಧೈರ್ಯವಾಗಿರಿ" ಎಂದರು.

ಮನೆಗೆ ಬಂದ ಮೇಲೆ ಇವರದು ಒಂದೇ ಮಾತು. "ಬೇರು ಬಿಟ್ಟಾವೆ ಮಾರಾಯ್ತಿ, ಇನ್ನು ಎದೆ ಸೀಳಿಸೋದು ಯಾತಕ್ಕೆ?" ಮಂಗಳೂರಿನಲ್ಲಿ ಗೊತ್ತುಮಾಡಿದ್ದ ಬೈಪಾಸ್ ಆಪರೇಶನ್ ಬೇಡವೆಂದು ಫೋನ್ ಮಾಡಿಬಿಟ್ಟರು. ಆಗಸ್ಟಿನಲ್ಲಿ, ಹೊಸ ಕಾಫಿ ಗಿಡ ನೆಡುವುದನ್ನು ನೋಡಲು ತೋಟದ ಏರು ಹತ್ತುವಾಗ ಕೂತವರು ಏಳಲಿಲ್ಲ.

ಆಸ್ಪತ್ರೆಯ ಕಾಗದ ಹಿಡಿದುಕೊಂಡೇ ಬೆಂಗಳೂರಿಗೆ ಹೋದೆ, ಮೈದುನ ವೆಂಕಟೇಶನ ಜೊತೆ. ಡಾಕ್ಟರು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ನಮಗೇ ಆ ನೀರು ಕಾಫಿ ಕೊಡುವ ಧೈರ್ಯ ನೋಡು!

"ಏಳೂ ಚುಕ್ಕೆ ಇದ್ವಲ್ಲ, ಮತ್ತೆ ಯಾಕೆ ಹೋದ್ರು ಇವ್ರು?" ಎಂದೆ.

"ಅಮ್ಮಾ, ಕೋಶ ಸತ್ರೂ ಕಬ್ಬಿಣ ಅಲ್ಲೇ ಉಳಿಯುತ್ತೆ. ಚುಕ್ಕೆ ನೋಡಿ ಅದು ಬದುಕಿದೆಯೋ ಸತ್ತಿದೆಯೋ ಹೇಳೋಕಾಗಲ್ಲ."

"ಅದನ್ನ ಅವತ್ತೇ ಇವರಿಗೆ ಹೇಳಕ್ಕೆ ಏನಾಗಿತ್ತು ನಿಮಗೆ?"

"ಪೇಷೆಂಟಿಗೆ ಧೈರ್ಯ ಇರಲಿ ಅಂತ..."

ನನಗೆ ತಡೆಯಲಾಗಲಿಲ್ಲ. "ನಮ್ಮ ಮೇಸ್ತ್ರಿ ಭೂತಯ್ಯ ಒಂದ್ಸಲ ಹೊಸ ಗಿಡ ಎಣಿಸೋ ಬದ್ಲು, ಗಿಡದ ಪಕ್ಕ ಊರಿದ ಗೂಟ ಎಣಿಸ್ಕೊಂಡು ಬಂದಿದ್ದ. ಅರ್ಧಕ್ಕರ್ಧ ಗಿಡ ಒಣಗಿದ್ವು, ಗೂಟ ಎಲ್ಲ ನೆಟ್ಟಗೆ ನಿಂತಿದ್ವು. ನಮ್ಮನೆಯವ್ರು ಇಡೀ ಎಸ್ಟೇಟಿಗೆ ಕೇಳೋ ಹಂಗೆ ಬೈದಿದ್ರು ಅವನಿಗೆ. ಇಷ್ಟು ಓದಿದ ನೀವೂ ಗೂಟ ಎಣಿಸಿದ್ರಲ್ಲ ಸ್ವಾಮಿ!"

"ಸಾಕು ಬನ್ನಿ ಅತ್ತಿಗೆ" ಎಂದು ವೆಂಕಟೇಶ ಕೈ ಹಿಡಿದ. ಯಾಕೆ ಸಾಕು? ಇವರ ಎದೆಯೇನು ಅವರ ನರ್ಸರಿಯೇ? ಆ ಯಂತ್ರದ ಕೊಳವೆಯಲ್ಲಿ, ಹೇಳಿದಾಗಲೆಲ್ಲ ಉಸಿರು ಬಿಗಿಹಿಡಿದು ಮಲಗಿದ ಮನುಷ್ಯನಿಗೆ ನಿಜ ಕೇಳುವ ಹಕ್ಕಿರಲಿಲ್ಲವೇ?

ಹೊಸ ಜೋಡಿಗೆ ನನ್ನ ಆಶೀರ್ವಾದ ತಿಳಿಸು. ಒಬ್ಬರಿಗೊಬ್ಬರು ಏನನ್ನೂ ಮುಚ್ಚಿಡದೆ ನೂರು ಕಾಲ ಬಾಳಲಿ.

ನಿನ್ನ,
ಶಾಂತಕುಮಾರಿ

ತಾ.ಕ.: ಡಾಕ್ಟರ ಇನ್ನೊಂದು ಮಾತನ್ನು ನಿನಗೆ ಬರೆಯದೆ ಬಿಟ್ಟೆ. "ರಿಪೋರ್ಟಲ್ಲಿ ಬರೆದಿದ್ವಲ್ಲಮ್ಮ" ಎಂದರು. ಬರೆದಿದ್ದರು. ಮಂಗಳೂರಿಗೆ ಫೋನ್ ಮಾಡುವ ಮುಂಚೆ ಇವರು ಆ ಇಂಗ್ಲಿಷ್ ರಿಪೋರ್ಟನ್ನು ನನ್ನ ಕೈಗೆ ಕೊಟ್ಟು, "ನೀನು ಬಿ.ಎ. ಓದಿದೋಳು, ಸರಿಯಾಗಿ ಓದಿ ಹೇಳು" ಎಂದಿದ್ದರು. ಕೋಶಗಳು ಬದುಕಿವೆಯೆಂದು ಚುಕ್ಕೆಗಳಿಂದ ಹೇಳಲಾಗದು, ಬೈಪಾಸ್ ಮುಂದೂಡಬಾರದು ಎಂದು ಕೊನೆಯ ಸಾಲಿನಲ್ಲಿತ್ತು. ಇವರ ಎದೆ ಸೀಳುತ್ತಾರೆಂದು ನೆನೆಯಲೂ ನನ್ನಿಂದ ಆಗುತ್ತಿರಲಿಲ್ಲ, ರಜನಿ. ಆ ಸಾಲೊಂದನ್ನು ಬಿಟ್ಟು ಓದಿದೆ.