ಪ್ರಭುಗಳ ಕೊಕ್ಕರೆ

ಎಗಿನೋಬುರ್ಗ್, ಟೆಕ್ಸಾಸ್
೧೮೪೬, ಮಾರ್ಚ್ ೯

ಪ್ರೀತಿಯ ವೆಂಡೆಲಿನ್ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆಯ ಕೆಮ್ಮು ನಿಂತಿತೇ? ಅಮ್ಮನ ಹೊಲ ಮಾರಿ, ಮಕ್ಕಳನ್ನು ಕರೆದುಕೊಂಡು ಬೇಸಿಗೆಯ ಹಡಗಿಗೆ ಇಲ್ಲಿಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಇಲ್ಲಿ ನೆಲೆಸಲು ಕರೆಯುವ ಪ್ರಭುಗಳ ಕರಪತ್ರ ಓದಿ ಬಾಯಲ್ಲಿ ನೀರೂರಿತಂತೆ. ನಮಗೂ ಊರಿತ್ತು. ಈಗ ಅದನ್ನು ಉಗಿಯಲು ಜಾಗ ಹುಡುಕುತ್ತಿದ್ದೇವೆ.

ಹೆಸರಿನಲ್ಲಿ ‘ಬುರ್ಗ್’ ಇದೆಯೆಂದು ಇಲ್ಲೊಂದು ಕೋಟೆ ಇದೆ ಎಂದುಕೊಳ್ಳಬೇಡ. ಇರುವುದು ಮರದ ದಿಮ್ಮಿಯ ಗುಡಿಸಲು, ಕೆಸರು ಮತ್ತು ಕೌಂಟ್ ಎಗಿನೋ ಪ್ರಭುಗಳು. ಅವರು ಪ್ರತಿ ಬೆಳಗ್ಗೆ ಬಿಳಿ ಕೈಗವಸು ತೊಟ್ಟು, ಕುದುರೆ ಏರಿ, ಊರು ಸ್ಥಾಪಿಸಲು ಹೊರಡುತ್ತಾರೆ. ಊಟದ ಹೊತ್ತಿಗೆ ಸ್ಥಾಪನೆ ಮುಗಿದಿರುತ್ತದೆ. ಮರ ಕಡಿಯುವ ಕ್ಷುಲ್ಲಕ ಕೆಲಸ ನಮ್ಮದು. ಅವರಿಗೆ ಹುರಿದ ಬಾತುಕೋಳಿ, ನಮಗೆ ಮೆಕ್ಕೆಜೋಳದ ಗಂಜಿ; ಅದರಲ್ಲಿ ಹುಳು ಇರುವುದರಿಂದ ನಾವೂ ಮಾಂಸಾಹಾರಿಗಳೇ.

ಈಗ ಕೊಕ್ಕರೆಯ ವಿಷಯ. ಅಲ್ಲಿ ನಮ್ಮೂರಲ್ಲಿ ಮುರಿದ ಗಾಡಿಗಾಲಿಯನ್ನು ಮನೆಯ ಮಾಡಿನ ಮೇಲೆ ಇಟ್ಟರೆ ಕೊಕ್ಕರೆ ಬಂದು ಗೂಡು ಕಟ್ಟುತ್ತದೆ, ಮನೆಗೆ ಶುಭವಾಗುತ್ತದೆ ತಾನೇ? ಕೊಕ್ಕರೆ ಇಲ್ಲದ್ದು ಜರ್ಮನ್ ಊರೇ ಅಲ್ಲವೆಂದು ಪ್ರಭುಗಳಿಗೆ ಹೊಳೆಯಿತು. ಮುರಿದ ಗಾಲಿ ಇಲ್ಲಿ ಎಲ್ಲಿಂದ ಬರಬೇಕು? ಬಂದರಿನಿಂದ ಹಿಟ್ಟು, ಔಷಧಿ ತರುವ ಗಾಡಿಯ ಗಾಲಿಗಳನ್ನೇ ಬಿಚ್ಚಿಸಿ ಮಾಡಿಗೇರಿಸಿದರು. ನಮ್ಮ ಯಜಮಾನರು ಯೋಸ್ಟ್ ಟೋಪಿ ತೆಗೆದು, "ಬುದ್ಧೀ, ಗಾಲಿ ಮೇಲೆ ಹೋದ್ರೆ ಗಾಡಿ ಹೆಂಗೆ ಹೋಗತ್ತೆ?" ಎಂದರು. "ಮೊದ್ಲು ಶುಭ ಬರ್ಲಿ ಕಣಯ್ಯಾ, ಹಿಟ್ಟು ಅದರ ಹಿಂದೇನೇ ಬರತ್ತೆ" ಎಂದರು ಪ್ರಭುಗಳು.

ಬಂತು. ನಮ್ಮ ಮುದಿ ಎತ್ತೊಂದು ಸತ್ತ ದಿನ, ಪ್ರತಿ ಗಾಲಿಯ ಮೇಲೂ ಒಂದೊಂದು ರಣಹದ್ದು ಬಂದು ಕೂತಿತು. ಸೂಲಗಿತ್ತಿ ಒಟ್ಟೀಲಿ ಸೊಂಟಕ್ಕೆ ಕೈಯಿಟ್ಟು, "ಬುದ್ಧೀ, ಕೊಕ್ಕರೆ ಮನೆಗೆ ಮಗು ತರತ್ತೆ ಅಂತಾರೆ. ಇವು ಯಾರನ್ನೋ ಒಯ್ಯೋಕೆ ಬಂದಂಗಿದೆ!" ಎಂದಳು. ಪ್ರಭುಗಳು ದುರ್ಬೀನು ಹಿಡಿದು ಗಂಭೀರವಾಗಿ ನೋಡಿ, "ಕೊಕ್ಕರೇನೇ ಕಣಮ್ಮಾ. ಬಿಸಿಲಿಗೆ ಕಪ್ಪಾಗಿದೆ" ಎಂದು ಅಪ್ಪಣೆ ಕೊಡಿಸಿದರು. ಅಂದಿನಿಂದ ಅದನ್ನು ಹದ್ದು ಎನ್ನುವುದು ರಾಜದ್ರೋಹ. ಎಗಿನೋಬುರ್ಗಿಗೆ ಕೊಕ್ಕರೆ ಬಂದಿದೆ ಎಂದು ಹೊಸ ಕರಪತ್ರವೂ ಅಚ್ಚಾಗಲಿದೆಯಂತೆ. ಥೂ!

ಯೋಸ್ಟ್‌ಗೆ ವಾರದಿಂದ ಜ್ವರ. ಔಷಧಿ ಬಂದರಿನಲ್ಲಿ, ಗಾಲಿ ಮಾಡಿನಲ್ಲಿ. ಅವರು ಅಂಗಳದಲ್ಲಿ ಮಲಗಿ ಹಕ್ಕಿಯನ್ನು ನೋಡುತ್ತಾರೆ. ಹಕ್ಕಿ ಅವರನ್ನು ಇನ್ನೂ ಆಸಕ್ತಿಯಿಂದ ನೋಡುತ್ತದೆ.

ಅತ್ತಿಗೆಗೆ ನಮಸ್ಕಾರ ಹೇಳು. ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಮುತ್ತಿಡು. ಅಮ್ಮನ ಸಮಾಧಿಗೆ ನನ್ನ ಪಾಲಿನ ಹೂವೂ ನೀನೇ ಇಡಬೇಕು.

ನಿನ್ನ ತಂಗಿ,
ಗೆರ್ಲಿಂಡೆ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಗಾಡಿ ಹೊರಟಿದೆ! ಪ್ರಭುಗಳು ಬಾತುಕೋಳಿಯ ಮುಂದೆ ಕೂತಿದ್ದಾಗ ಒಟ್ಟೀಲಿಯೂ ನಾನೂ ಏಣಿ ಹಾಕಿ ಗಾಲಿಗಳನ್ನೆಲ್ಲ ಇಳಿಸಿ ಗಾಡಿಗೆ ಜೋಡಿಸಿದೆವು, ಅವರ ಮಾಡಿನದನ್ನೂ ಬಿಡಲಿಲ್ಲ. "ಅಯ್ಯೋ, ಕೊಕ್ಕರೆ ಮನೆ ಹಾಳ್ಮಾಡಿದ್ರಲ್ಲೇ!" ಎಂದು ಪ್ರಭುಗಳು ಕೈಯಲ್ಲಿ ಎಲುಬು ಹಿಡಿದೇ ಓಡಿಬಂದರು. ಯೋಸ್ಟ್‌ರನ್ನು ಮಲಗಿಸಿಕೊಂಡು ಬಂದರಿನ ವೈದ್ಯರ ಬಳಿಗೆ ಹೋಗುತ್ತಿದ್ದೇನೆ. ಅವರು ಬದುಕಿದರೆ ಅಲ್ಲಿಂದ ಊರಿಗೆ ಹಿಂದಿರುಗುವ ಹಡಗನ್ನೇ ಹುಡುಕುತ್ತೇವೆ. ಹೊಸ ಕರಪತ್ರ ಬಂದರೆ ಹಕ್ಕಿಯ ಚಿತ್ರ ನೋಡು ಅಣ್ಣಾ. ಹದ್ದಿನಂತೆ ಕತ್ತು ಬೋಳಾಗಿದ್ದರೆ ಹೊಲ ಮಾರಬೇಡ. ಕತ್ತಿಗೆ ಗರಿ ಬರೆದಿದ್ದರೂ ಮಾರಬೇಡ. ಆ ಹೊಲದಲ್ಲಿ ನಮಗೂ ಒಂದು ಮೂಲೆ ಬೇಕು.